ಇಪ್ಪತ್ತನೇ ನಲ್ಲಿ

ಗಾಜಿನ ಲೋಟ ನಿಜವಾಗಿ ಶುಚಿಯಾಗಿದೆಯೇ ಎಂದು ತಿಳಿಯಲು ಅದನ್ನು ಬೆಳಕಿಗೆ ಹಿಡಿದು ನೋಡಿದರೆ ಸಾಲದು. ನೀರಿನಲ್ಲಿ ಅದ್ದಿ ಎತ್ತಬೇಕು. ಒಳಮೈಯ ಮೇಲೆ ನೀರು ಒಂದೇ ತೆಳುಪದರವಾಗಿ ಜಾರಿ ಇಳಿದರೆ ಲೋಟ ಶುಚಿ. ಪದರ ಎಲ್ಲಾದರೂ ಹರಿದು ಹನಿಹನಿಯಾಗಿ ನಿಂತರೆ ಅಲ್ಲಿ ಜಿಡ್ಡಿದೆ ಎಂದು ಅರ್ಥ. ಅಂಥ ಲೋಟಕ್ಕೆ ಬಿಯರ್ ಸುರಿದರೆ ನೊರೆ ಎರಡು ನಿಮಿಷವೂ ನಿಲ್ಲುವುದಿಲ್ಲ.

ಬಿಯರ್ ಮತ್ತು ತಿಂಡಿ ಮೇಳಕ್ಕೆ ಬರುವ ಪ್ರತಿ ಹೊಸ ಸ್ವಯಂಸೇವಕರಿಗೂ ಇದನ್ನು ಹೇಳಿಕೊಡುತ್ತಿದ್ದವರನ್ನು ಎಲ್ಲರೂ ಲೋಟದ ಮೇಷ್ಟ್ರು ಎಂದು ಕರೆಯುತ್ತಿದ್ದರು. ಅವರು ಯಾವ ಶಾಲೆಯಲ್ಲೂ ಪಾಠ ಮಾಡಿದವರಲ್ಲ. ನಗರದ ನೀರು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಇಪ್ಪತ್ತಾರು ವರ್ಷದಿಂದ ಸಹಾಯಕರು. ಬೆಳಿಗ್ಗೆ ಏಳಕ್ಕೆ ಹೊರಟು ಹದಿನಾಲ್ಕು ಕಡೆಯ ನಲ್ಲಿಗಳಿಂದ ನೀರು ಹಿಡಿದು ತರುವುದು, ಬಾಟಲಿಗೆ ಚೀಟಿ ಅಂಟಿಸುವುದು, ಕ್ಲೋರಿನ್ ಎಷ್ಟಿದೆ ಎಂದು ಅಳೆದು ಬರೆಯುವುದು ಅವರ ಕೆಲಸ. ಆ ಕೆಲಸದಲ್ಲಿ ಯಾರೂ ಯಾರನ್ನೂ ಹೊಗಳುವುದಿಲ್ಲ. ನೀರು ಸರಿಯಿದ್ದರೆ ಊರಿಗೆ ಪ್ರಯೋಗಾಲಯದ ನೆನಪೇ ಆಗುವುದಿಲ್ಲ.

ಹಾಗಾಗಿ ವರ್ಷಕ್ಕೆ ಎರಡು ದಿನ, ಶನಿವಾರ ಮತ್ತು ಭಾನುವಾರ, ಹಳೆಯ ಬಸ್ ಡಿಪೋದಲ್ಲಿ ನಡೆಯುವ ಆ ಮೇಳ ಅವರಿಗೆ ಹಬ್ಬಕ್ಕಿಂತ ಹೆಚ್ಚು. ಸಣ್ಣ ಪ್ರಮಾಣದಲ್ಲಿ ಕೈಯಾರೆ ಬಿಯರ್ ಮಾಡುವ ಇಪ್ಪತ್ತು ಮಂದಿ ಬರುತ್ತಾರೆ. ಒಬ್ಬೊಬ್ಬರ ಪೀಪಾಯಿಗೂ ಒಂದೊಂದು ನಲ್ಲಿ. ಹಿಂದಿನ ಸಾಲಿನಲ್ಲಿ ತಿಂಡಿಯ ಮಳಿಗೆಗಳು. ಮೇಷ್ಟ್ರು ಕಿತ್ತಳೆ ಬಣ್ಣದ ಏಪ್ರನ್ ಕಟ್ಟಿಕೊಂಡು, ಬಸ್ಸು ತೊಳೆಯುತ್ತಿದ್ದ ಕಟ್ಟೆಯ ಮೇಲೆ ಮೂರು ತೊಟ್ಟಿ ಇಟ್ಟುಕೊಂಡು, ದಿನಕ್ಕೆ ಎರಡು ಸಾವಿರ ಲೋಟ ತೊಳೆಯುವ ತಂಡವನ್ನು ನಡೆಸುತ್ತಿದ್ದರು. ಮೇಳ ಶುರುವಾಗುವ ಮುಂಚೆ ಇಪ್ಪತ್ತು ನಲ್ಲಿಗಳ ಕೊಳವೆಗಳನ್ನೂ ಅವರೇ ತೊಳೆಯಬೇಕು. ಮೊದಲು ಕ್ಷಾರದ ದ್ರಾವಣ, ಆಮೇಲೆ ನೀರು, ಆಮೇಲೆ ಬಿಯರ್. ಕೊಳವೆಯಲ್ಲಿ ಉಳಿದ ನೀರು ಪೂರ್ತಿ ಹೋಗಲೆಂದು ಮೊದಲ ಒಂದು ಜಗ್ ಬಿಯರನ್ನು ಚೆಲ್ಲಲೇಬೇಕು. ಈ ನಿಯಮ ಮಾಡಿದವರೂ ಅವರೇ. ಗೋಡೆಯ ಮೇಲೆ ದೊಡ್ಡಕ್ಷರದಲ್ಲಿ ಬರೆದು ಅಂಟಿಸಿದ್ದವರೂ ಅವರೇ.

ಹನ್ನೆರಡನೇ ವರ್ಷದ ಮೇಳದ ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ ಹತ್ತೊಂಬತ್ತು ನಲ್ಲಿಗಳು ಸಿದ್ಧವಾಗಿದ್ದವು. ಇಪ್ಪತ್ತನೆಯದು ಬೇಕರಿ ಅಕ್ಕನದು. ಆಕೆಯ ವ್ಯಾನು ದಾರಿಯಲ್ಲಿ ಪಂಕ್ಚರ್ ಆಗಿ ತಡವಾಗಿತ್ತು.

ಬೇಕರಿ ಅಕ್ಕ ಎಂದರೆ ಮೇಳದಲ್ಲಿ ಎಲ್ಲರಿಗೂ ಅಕ್ಕ. ವಯಸ್ಸಿನಲ್ಲಿ ಮೇಷ್ಟ್ರಿಗಿಂತ ನಾಲ್ಕು ವರ್ಷ ಚಿಕ್ಕವರು. ಇವರು ಅಕ್ಕಾ ಎನ್ನುತ್ತಿದ್ದರು, ಅವರು ಅಣ್ಣಾ ಎನ್ನುತ್ತಿದ್ದರು; ಇಬ್ಬರಲ್ಲಿ ಯಾರು ದೊಡ್ಡವರೆಂದು ಇತ್ಯರ್ಥವಾಗಿರಲಿಲ್ಲ. ಬೇಕರಿಯಲ್ಲಿ ಮಾರಾಟವಾಗದೆ ಉಳಿದ ಬ್ರೆಡ್ಡನ್ನು ಒಣಗಿಸಿ, ಪುಡಿ ಮಾಡಿ, ಮೊಳಕೆ ಬರಿಸಿದ ಬಾರ್ಲಿಯ ಜೊತೆ ಬೇಯಿಸಿ ಅವರು ಬಿಯರ್ ಮಾಡುತ್ತಿದ್ದರು. ಅದನ್ನು ಹುದುಗಿಸುವ ಯೀಸ್ಟನ್ನು ಒಂಬತ್ತು ವರ್ಷದಿಂದ ಒಂದು ಗಾಜಿನ ಜಾಡಿಯಲ್ಲಿ ಸಾಕಿಕೊಂಡು ಬಂದಿದ್ದರು. ಪ್ರತಿ ಸಲ ತಳದಲ್ಲಿ ಉಳಿದದ್ದನ್ನು ತೆಗೆದಿಟ್ಟು ಮುಂದಿನ ಸಲಕ್ಕೆ ಹಾಕುವುದು. ಆ ಜಾಡಿಗೆ ಅವರು ಇಟ್ಟ ಹೆಸರು ಹಿರಿಮಗಳು. "ಹಿರಿಮಗಳು ಮುನಿಸ್ಕೊಂಡಿದಾಳೆ, ಈ ಸಲ ಎರಡು ದಿನ ಲೇಟು" ಎಂದೆಲ್ಲ ಹೇಳುತ್ತಿದ್ದರು. ಆ ವರ್ಷ ಅವರಿಗೊಂದು ಆಸೆಯಿತ್ತು. ತೀರ್ಪುಗಾರರು ಮೆಚ್ಚಿದರೆ ತಮ್ಮಲ್ಲಿ ವರ್ಷಪೂರ್ತಿ ಇಡುತ್ತೇವೆಂದು ಹೋಟೆಲಿನವರೊಬ್ಬರು ಮಾತು ಕೊಟ್ಟಿದ್ದರು.

ಹತ್ತೂಕಾಲಿಗೆ ಆಕೆಯ ಪೀಪಾಯಿ ಬಂತು. ಮೇಷ್ಟ್ರು ಕೊಳವೆ ತೊಳೆಯಲು ಹೋದರೆ ಬಿಳಿಯ ಪೈಪು ಇರಲಿಲ್ಲ. ತಿಂಡಿ ಮಳಿಗೆಯವರು ಹಂಡೆ ತುಂಬಿಸಲು ಒಯ್ದಿದ್ದರು. ಕುಡಿಯುವ ನೀರಿಗೆಂದೇ ಇರುವ ಪೈಪು ಅದು. ಡಿಪೋದ ಹಿಂದಿನ ಗಿಡಗಳಿಗೆ ನೀರು ಬಿಡುವ ಹಸಿರು ರಬ್ಬರ್ ಪೈಪು ಅಲ್ಲೇ ಬಿದ್ದಿತ್ತು. ಇದೊಂದಕ್ಕೇ ತಾನೇ ಎಂದುಕೊಂಡು ಅದನ್ನೇ ಸಿಕ್ಕಿಸಿದರು. ಇಪ್ಪತ್ತನೇ ನಲ್ಲಿಯ ಕೊಳವೆಗೆ ನೀರು ತುಂಬಿತು. ಆಗಲೇ ಚೀಫ್ ಬಂದರು.

ಚೀಫ್ ಎಂದರೆ ಅಗ್ನಿಶಾಮಕ ದಳದಿಂದ ನಿವೃತ್ತರಾದವರು, ಮೇಳದ ಉಸ್ತುವಾರಿ. "ಮೇಷ್ಟ್ರೇ, ಒಬ್ಬ ಜಡ್ಜ್‌ಗೆ ಜ್ವರವಂತೆ. ಒಂದು ಕುರ್ಚಿ ಖಾಲಿ. ಬರ್ತೀರಾ?"

"ನಾನಾ?"

"ಇಲ್ಲಿ ಇನ್ಯಾರಿದಾರೆ? ಈ ಪೀಪಾಯಿನಾ ಕೂರಿಸೋಕಾಗುತ್ತಾ? ಬೇಗ ಬನ್ನಿ, ಏಪ್ರನ್ ತೆಗೆದು ಬನ್ನಿ."

ಹನ್ನೊಂದು ವರ್ಷ ಬೇರೆಯವರು ಕುಡಿಯುವ ಲೋಟ ತೊಳೆದ ಮನುಷ್ಯನ ಕಾಲು ಆಗ ನೆಲದ ಮೇಲೆ ನಿಲ್ಲಲಿಲ್ಲ. ತಣ್ಣೀರು ಹಚ್ಚಿ ತಲೆ ಬಾಚಿಕೊಂಡರು. ಬ್ಯಾಗಿನಲ್ಲಿ ಸಂಜೆಗೆಂದು ಇಟ್ಟಿದ್ದ ಇಸ್ತ್ರಿ ಅಂಗಿ ಹಾಕಿಕೊಂಡರು. ಅಷ್ಟರಲ್ಲಿ ನಲವತ್ತು ನಿಮಿಷವಾಗಿತ್ತು, ಕೊಳವೆಯಲ್ಲಿ ನೀರು ಹಾಗೇ ನಿಂತಿತ್ತು. ಓಡಿಬಂದು ಪೀಪಾಯಿ ಜೋಡಿಸಿ ನಲ್ಲಿ ತಿರುಗಿಸಿದರು. ಜಗ್ಗಿನಲ್ಲಿ ನಾಲ್ಕು ಬೆರಳು ತುಂಬುವಷ್ಟರಲ್ಲಿ ಬಣ್ಣ ಬಂತು. ಚೀಫ್ ಆಚೆಯಿಂದ ಚಪ್ಪಾಳೆ ತಟ್ಟಿ ಕರೆದರು. ಮೇಷ್ಟ್ರು ನಲ್ಲಿ ಮುಚ್ಚಿದರು. ಒಂದು ಜಗ್ ಚೆಲ್ಲಬೇಕೆಂಬ ನಿಯಮ ತಲೆಯ ಹಿಂದೆ, ಗೋಡೆಯ ಮೇಲೆಯೇ ಇತ್ತು.

ತೀರ್ಪಿನ ಮೇಜು ಡಿಪೋದ ಹಳೆಯ ಟಿಕೆಟ್ ಕೋಣೆಯಲ್ಲಿ. ಐವರು ತೀರ್ಪುಗಾರರು. ಯಾರ ಬಿಯರ್ ಎಂದು ತಿಳಿಯದಂತೆ ಲೋಟಗಳಿಗೆ ಬೇರೆಯೇ ಸಂಖ್ಯೆ. ಒಂಬತ್ತನೆಯ ಲೋಟವನ್ನು ಮೂಗಿನ ಹತ್ತಿರ ತಂದ ಕೂಡಲೇ ಮೇಷ್ಟ್ರಿಗೆ ಆಸ್ಪತ್ರೆ ವಾಸನೆ ಬಂತು. ಗಾಯಕ್ಕೆ ಹಾಕುವ ಪಟ್ಟಿಯ ವಾಸನೆ. ಉಳಿದ ನಾಲ್ವರೂ ಹುಬ್ಬು ಗಂಟಿಕ್ಕಿಕೊಂಡು, ಹೇಳಲೋ ಬೇಡವೋ ಎಂದು ಅನುಮಾನಿಸುತ್ತಿದ್ದರು. ಹೊಸಬರಾದ ಮೇಷ್ಟ್ರು ಮೊದಲು ಬಾಯಿಬಿಟ್ಟರು.

"ಪಾತ್ರೆ ನೆಟ್ಟಗೆ ತೊಳೆದಿಲ್ಲ. ಹಾಳಾಗಿದೆ," ಎಂದರು. ಎಲ್ಲರೂ ತಮ್ಮ ಕಡೆ ತಿರುಗಿದ್ದು ಅವರಿಗೆ ಹಿತವಾಯಿತು. ಇನ್ನೊಂದು ಮಾತು ಸೇರಿಸಿದರು. "ಇದು ಕುಡಿಯೋಕಲ್ಲ, ಗಾಯಕ್ಕೆ ಹಚ್ಚೋಕೆ."

ಮೇಜು ನಕ್ಕಿತು. ಮುಖ್ಯ ತೀರ್ಪುಗಾರರು ಬೆನ್ನು ತಟ್ಟಿ, "ಇಷ್ಟು ದಿನ ಎಲ್ಲಿದ್ರಿ ನೀವು?" ಎಂದರು. ಒಂಬತ್ತನೆಯ ಲೋಟಕ್ಕೆ ಐದೂ ಜನ ಸೊನ್ನೆ ಕೊಟ್ಟರು.

ಯಾವ ಲೋಟ ಯಾರದೆಂದು ತಂದುಕೊಟ್ಟ ಸ್ವಯಂಸೇವಕರಿಗೆ ಗೊತ್ತಿತ್ತು. ಮಾತು ಅವರಿಂದ ತಿಂಡಿ ಮಳಿಗೆಗೆ, ಅಲ್ಲಿಂದ ಸರದಿಯ ಸಾಲಿಗೆ ಹರಿಯಿತು. ಊಟದ ಹೊತ್ತಿಗೆ ಮೈದಾನವಿಡೀ ಇಪ್ಪತ್ತನೇ ನಲ್ಲಿಯ ಎದುರು ನಿಂತು ಮೊಣಕೈ ಚಾಚಿ, "ಇಲ್ಲೊಂಚೂರು ಹಚ್ತೀರಾ?" ಎಂದು ಕೇಳುವ ಆಟ ಶುರುವಾಗಿತ್ತು.

ಮೂರೂವರೆಗೆ ಮೇಷ್ಟ್ರು ಎದೆಯ ಮೇಲಿನ ತೀರ್ಪುಗಾರರ ಬಿಲ್ಲೆಯ ಸಮೇತ ಲೋಟ ತೊಳೆಯುವ ಕಟ್ಟೆಗೆ ಬಂದರು. ಬಾಯಾರಿತ್ತು. ಅಲ್ಲಿದ್ದ ಜಗ್ಗಿನಿಂದ ನೀರು ಬಗ್ಗಿಸಿಕೊಂಡು ಬಾಯಿಗಿಟ್ಟರು.

ಆಸ್ಪತ್ರೆ ವಾಸನೆ.

ಜಗ್ ತುಂಬಿಸಿದ್ದು ಯಾವ ಪೈಪಿನಿಂದ ಎಂದು ಕೇಳಿದರು. "ಇದೇ, ಹಸಿರು ಪೈಪು. ನೀವೇ ಸಿಕ್ಕಿಸಿದ್ರಲ್ಲ," ಎಂದರು ಪಕ್ಕದಲ್ಲಿ ಲೋಟ ಒರೆಸುತ್ತಿದ್ದ ನಿವೃತ್ತ ಪೋಸ್ಟ್‌ಮ್ಯಾನ್. ಆ ಹೊತ್ತಿಗೆ ಮೇಷ್ಟ್ರಿಗೆ ಎಲ್ಲ ಹೊಳೆದಿತ್ತು. ಊರಿನ ನೀರಿನ ಕ್ಲೋರಿನ್ ಅಂಥ ರಬ್ಬರಿನ ಜೊತೆ ಸೇರಿದರೆ ಬರುವ ವಾಸನೆ ಅದು. ಒಂದು ಲೀಟರಿಗೆ ಕಣ್ಣಿಗೆ ಕಾಣದಷ್ಟು ಸಾಕು, ಮೂಗಿಗೆ ಸಿಕ್ಕುತ್ತದೆ. ಈ ಬಗ್ಗೆ ದೂರು ಬಂದಾಗ ಮನೆಮನೆಗೆ ಹೋಗಿ ಪೈಪು ಬದಲಿಸಿ ಎಂದು ಹೇಳಿಬರುವುದು ಅವರ ಸಂಬಳದ ಕೆಲಸ.

ಆದರೂ ಅವರು ಪರೀಕ್ಷೆ ಮಾಡಿದರು, ತಾವು ತಪ್ಪಿರಬಹುದೆಂಬ ಆಸೆಯಿಂದ. ಮೂರು ಲೋಟ ತೆಗೆದುಕೊಂಡು ಎರಡಕ್ಕೆ ನೇರ ನಲ್ಲಿಯ ನೀರು, ಒಂದಕ್ಕೆ ಹಸಿರು ಪೈಪಿನ ನೀರು ಹಾಕಿ, ಪೋಸ್ಟ್‌ಮ್ಯಾನ್‌ಗೆ ಬೆನ್ನು ತಿರುಗಿಸಲು ಹೇಳಿ ಜಾಗ ಬದಲಿಸಿದರು.

"ಯಾವುದು ಬೇರೆ ಇದೆ ಹೇಳಿ."

ಪೋಸ್ಟ್‌ಮ್ಯಾನ್ ಮೂಸಿದರು. "ಇದು. ನಮ್ಮತ್ತೆ ಹಲ್ಲು ಕೀಳಿಸಿದ ಕ್ಲಿನಿಕ್ಕು."

"ಇನ್ನೊಂದ್ಸಲ."

"ಇದು. ಮತ್ತೆ ಅತ್ತೆ."

ಆರು ಸಲ ಮಾಡಿದರು. ಆರಕ್ಕೆ ಆರು. ಬರಿದೇ ಊಹೆಯಿಂದ ಹಾಗೆ ಆಗುವ ಸಾಧ್ಯತೆ ಏಳುನೂರ ಇಪ್ಪತ್ತೊಂಬತ್ತರಲ್ಲಿ ಒಂದು. ಆ ಒಂದನ್ನು ಹಿಡಿದುಕೊಂಡು ನೇತಾಡಲು ಅವರ ಮನಸ್ಸು ಒಂದು ಕ್ಷಣ ನೋಡಿತು. "ಏನಾಯ್ತು ಮೇಷ್ಟ್ರೇ, ಮುಖ ಬಿಳಿಚ್ಕೊಂಡಿದೆ?" ಎಂದರು ಪೋಸ್ಟ್‌ಮ್ಯಾನ್. ಏನಿಲ್ಲ ಎಂದು ಹೇಳಿ, ಮೂರೂ ಲೋಟ ಚೆಲ್ಲಿ, ಹಸಿರು ಪೈಪನ್ನು ಸುತ್ತಿ ಗಿಡಗಳ ಹಿಂದೆ ಎಸೆದು ಬಂದರು. ಎಸೆಯುವಾಗ ಯಾರಾದರೂ ನೋಡುತ್ತಿದ್ದಾರೆಯೇ ಎಂದು ಸುತ್ತ ಕಣ್ಣು ಹಾಯಿಸಿದ್ದು ಆಮೇಲೆ ಅವರನ್ನು ಬಹಳ ಕಾಡಿತು.

ಇಪ್ಪತ್ತನೇ ನಲ್ಲಿಯ ಹತ್ತಿರ ಯಾರೂ ಇರಲಿಲ್ಲ. ಬೇಕರಿ ಅಕ್ಕ ಮೇಜು ಒರೆಸುತ್ತಿದ್ದರು, ಒರೆಸಿದ್ದನ್ನೇ ಒರೆಸುತ್ತಿದ್ದರು. ಮೇಷ್ಟ್ರನ್ನು ಕಂಡು ಕೈ ನಿಲ್ಲಿಸಿದರು.

"ಅಣ್ಣಾ, ನೀವೂ ಮೇಜಿನಲ್ಲಿ ಇದ್ರಂತೆ."

"ಹೂಂ ಅಕ್ಕಾ. ಕಡೇ ಗಳಿಗೆಯಲ್ಲಿ ಕರೆದ್ರು."

"ಯಾರು ಏನಂದ್ರು ಅಂತ ಕೇಳಲ್ಲ. ಅದು ಸರಿಯಲ್ಲ. ಆದ್ರೆ ನಂದರಲ್ಲಿ ತಪ್ಪೇನು ಅಂತ ಹೇಳಿ. ನೀವು ಸೈನ್ಸ್ ಓದಿದೋರು. ನಾನು ಬೇಜಾರು ಮಾಡ್ಕೊಳಲ್ಲ. ನಂಗೆ ಈಗ್ಲೂ ಕುಡಿದ್ರೆ ಸರಿಯಾಗೇ ಇದೆ ಅನ್ಸುತ್ತೆ. ನನ್ನ ನಾಲಿಗೇನೇ ಕೆಟ್ಟಿರಬೇಕು."

ಹೇಳಬೇಕಾದ ಮಾತು ನಾಲಿಗೆಯ ತುದಿಗೆ ಬಂದಿತ್ತು. ಮೂರೇ ಪದ, ಪೈಪು ನಾನು ಹಾಕಿದ್ದು ಎಂದು. ಆದರೆ ಎದೆಯ ಮೇಲೆ ಬಿಲ್ಲೆಯಿತ್ತು, ಹಿಂದೆ ಯಾರೋ "ಮೇಷ್ಟ್ರೇ, ಒಂದು ಫೋಟೋ" ಎಂದು ಕರೆಯುತ್ತಿದ್ದರು.

"ತೊಳೆಯೋದ್ರಲ್ಲಿ ಏನೋ ಹೆಚ್ಚುಕಮ್ಮಿ ಆಗಿದೆ ಅಕ್ಕಾ," ಎಂದರು.

ಅದರಲ್ಲಿ ಸುಳ್ಳಿರಲಿಲ್ಲ. ತೊಳೆದವರು ಯಾರೆಂಬುದನ್ನು ಮಾತ್ರ ಬಿಟ್ಟಿದ್ದರು. ಅವರು ವರ್ಷಾನುಗಟ್ಟಲೆ ವರದಿಗಳನ್ನು ಬರೆದವರು. ಒಂದೇ ಒಂದು ಸಂಗತಿ ಬಿಟ್ಟರೆ ವರದಿ ಏನಾಗುತ್ತದೆ ಎಂದು ಅವರಿಗಿಂತ ಚೆನ್ನಾಗಿ ಬಲ್ಲವರು ಆ ಮೈದಾನದಲ್ಲಿ ಇರಲಿಲ್ಲ.

"ಹಾಗಾ," ಎಂದರು ಬೇಕರಿ ಅಕ್ಕ. ಒರೆಸುವ ಬಟ್ಟೆ ಮಡಚಿಟ್ಟು, "ಹೇಳಿದ್ದು ಒಳ್ಳೇದಾಯ್ತು ಅಣ್ಣಾ," ಎಂದರು. ಕಾಗದದಲ್ಲಿ ಎರಡು ಬನ್ನು ಸುತ್ತಿ ಅವರ ಕೈಗೆ ಕೊಟ್ಟರು, ಪ್ರತಿ ವರ್ಷ ಕೊಡುವ ಹಾಗೆ. ಆರು ಗಂಟೆಗೆ ಬಹುಮಾನ ಘೋಷಣೆಯಾಗುವಾಗ ಆಕೆಯ ವ್ಯಾನು ಅಲ್ಲಿರಲಿಲ್ಲ.

ಮನೆಯಲ್ಲಿ ಏಳೂವರೆಗೆ ಊಟಕ್ಕೆ ಕುಳಿತಾಗ ಬನ್ನುಗಳು ಕಾಗದದಲ್ಲೇ ಇದ್ದವು. ಹೆಂಡತಿ ಕನ್ನಡಕದ ಅಂಗಡಿಯಲ್ಲಿ ಕಣ್ಣು ಅಳೆಯುವವರು. ಎದುರಿಗಿದ್ದವರಿಗೆ ಏನನ್ನು ಓದಲಾಗುತ್ತಿಲ್ಲ ಎಂದು ಕಂಡುಹಿಡಿಯುವುದು ಅವರ ದಿನನಿತ್ಯದ ಕಸುಬು. ಕಸದ ಡಬ್ಬಿಯಿಂದ ಬಿಲ್ಲೆಯನ್ನು ಎತ್ತಿಕೊಂಡು ಬಂದು ತಟ್ಟೆಯ ಪಕ್ಕ ಇಟ್ಟರು.

"ಜಡ್ಜ್ ಮಾಡಿದ್ರಾ? ಮಾಡಿದ್ರೆ ಇದನ್ನ ಯಾಕ್ರೀ ಎಸೆದ್ರಿ?"

ಮೇಷ್ಟ್ರು ಹೇಳಿದರು. ಪೈಪಿನಿಂದ ಹಿಡಿದು ಬನ್ನಿನವರೆಗೆ, ಒಂದನ್ನೂ ಬಿಡದೆ. ಹಾಸ್ಯದ ಮಾತನ್ನು ಹೇಳುವಾಗ ಮಾತ್ರ ಗೋಡೆ ನೋಡಿದರು. ಹೆಂಡತಿ ನಗಲಿಲ್ಲ, ಬಯ್ಯಲೂ ಇಲ್ಲ.

"ನಮ್ಮಂಗಡೀಲಿ ತಪ್ಪು ನಂಬರ್ ಕೊಟ್ರೆ ಗಿರಾಕಿ ಮಾರನೇ ದಿನ ಬಂದು ಬಾಯಿಗೆ ಬಂದ ಹಾಗೆ ಬಯ್ತಾನೆ. ಈಕೆ ಬಯ್ಯೋಕೂ ಬರಲ್ಲ. ತಪ್ಪು ತನ್ನದೇ ಅಂದ್ಕೊಂಡಿದಾಳಲ್ಲ. ಫೋನ್ ಮಾಡಿ."

"ಬೇಕರಿಯವರು ಬೇಗ ಮಲಗ್ತಾರೆ ಕಣೇ. ಬೆಳಿಗ್ಗೆ ಎದುರಿಗೇ ಹೇಳ್ತೀನಿ."

"ಏಳೂವರೆಗಾ ಮಲಗೋದು?"

ಫೋನು ತಟ್ಟೆಯಿಂದ ಒಂದು ಗೇಣು ದೂರದಲ್ಲಿತ್ತು.

ಭಾನುವಾರ ಬೆಳಿಗ್ಗೆ ಎಂಟೂವರೆಗೆ ಒಂದು ಹಾಳೆಯಲ್ಲಿ ನಡೆದದ್ದನ್ನೆಲ್ಲ ಗಂಟೆ ನಿಮಿಷದ ಸಮೇತ ಬರೆದುಕೊಂಡು ಹೋಗಿ ಚೀಫ್ ಕೈಗೆ ಕೊಟ್ಟರು. ಚೀಫ್ ನಿಂತಲ್ಲೇ ಓದಿದರು. ನಾಲ್ಕಾಗಿ ಮಡಚಿದರು.

"ಬಹುಮಾನ ಕೊಟ್ಟಾಯ್ತು ಮೇಷ್ಟ್ರೇ. ಈಗ ಇದನ್ನ ಕೆದಕಿದ್ರೆ ಇಪ್ಪತ್ತು ಜನಾನೂ ನಮ್ಮ ಪೈಪು ಮೂಸೋಕೆ ನಿಲ್ತಾರೆ. ಮುಂದಿನ ವರ್ಷ ಎರಡು ಹೊಸ ಪೈಪು ತರೋಣ. ಮುಗೀತು."

"ಆಕೆ ಹೆಸರು ಹಾಳಾಯ್ತಲ್ಲ ಚೀಫ್. ನನಗೆ ಮೈಕ್ ಬೇಕು."

"ನಿಮ್ಮ ಹೆಸರು ಹಾಳಾಗುತ್ತೆ."

"ಅದಕ್ಕೇ ಕೇಳ್ತಿರೋದು."

ಚೀಫ್ ಹಾಳೆಯನ್ನು ವಾಪಸ್ಸು ಕೊಟ್ಟರು. "ಹನ್ನೊಂದು ಗಂಟೆಗೆ. ಎರಡು ನಿಮಿಷ. ಮೊದಲು ಆಕೆಗೆ ಹೇಳಿ."

ಬೇಕರಿ ಅಕ್ಕ ಒಂಬತ್ತಕ್ಕೆ ಬಂದರು. ಎರಡೂ ಕೈ ಮೊಣಕೈವರೆಗೆ ಕೆಂಪಾಗಿ ಊದಿದ್ದವು. ಮೇಷ್ಟ್ರು ಅದನ್ನು ನೋಡಿದರೂ ಅರ್ಥ ಮಾಡಿಕೊಳ್ಳಲಿಲ್ಲ. ಹಾಳೆ ತೆಗೆಯಲಿಲ್ಲ; ಬಾಯಲ್ಲೇ ಹೇಳಿದರು. ಹಸಿರು ಪೈಪು, ಚೆಲ್ಲದೆ ಬಿಟ್ಟ ಜಗ್, ಮೇಜು, ಮೂರು ಲೋಟದ ಪರೀಕ್ಷೆ. "ಆ ಗಾಯದ ಮಾತೂ ನಂದೇ" ಎಂದರು.

ಆಕೆ ಪೂರ್ತಿ ಕೇಳಿಸಿಕೊಂಡರು.

"ನಿಮಗೆ ಇದು ಎಷ್ಟು ಗಂಟೆಗೆ ಗೊತ್ತಾಯ್ತು?"

"ಮೂರೂ ಮುಕ್ಕಾಲಿಗೆ."

"ನಾನು ಕೇಳಿದ್ದು ಅದಾದ್ಮೇಲೆ."

"ಹೌದು."

ಆಕೆ ವ್ಯಾನಿನ ಬಾಗಿಲಿಗೆ ಒರಗಿದರು. ದನಿ ಏರಲಿಲ್ಲ. "ತೊಳೆಯೋದ್ರಲ್ಲಿ ಅಂದ್ರಲ್ಲ. ಮನೆಗೆ ಹೋಗಿ ಎಲ್ಲಾ ಪಾತ್ರೆ ಕುದಿಯೋ ನೀರಲ್ಲಿ ತಿಕ್ಕಿದೆ. ಪೈಪೆಲ್ಲ ಕತ್ತರಿಸಿ ಹಾಕಿದೆ. ಆಮೇಲೂ ಸಮಾಧಾನ ಆಗ್ಲಿಲ್ಲ. ಕೆಟ್ಟಿರೋದು ಅವಳೇ ಇರಬೇಕು ಅನ್ನಿಸ್ತು. ರಾತ್ರಿ ಒಂಬತ್ತು ಗಂಟೆಗೆ ಹಿರಿಮಗಳನ್ನ ಮೋರಿಗೆ ಚೆಲ್ಲಿಬಿಟ್ಟೆ ಸಾರ್. ಜಾಡಿಗೂ ಕುದಿನೀರು ಹಾಕ್ದೆ."

ಒಂಬತ್ತು ಗಂಟೆ. ಏಳೂವರೆಗೂ ಅದಕ್ಕೂ ಒಂದೂವರೆ ಗಂಟೆ ಅಂತರ. ಮೇಷ್ಟ್ರು ಆ ಲೆಕ್ಕವನ್ನು ಮಾಡಬಾರದೆಂದುಕೊಂಡರೂ ಅದು ತಾನೇ ಆಗಿಹೋಯಿತು. ಆ 'ಸಾರ್' ಎಂಬುದು ಕಿವಿಯಲ್ಲಿ ಬಹಳ ಹೊತ್ತು ಉಳಿಯಿತು. ಆಕೆ ಬೇಕೆಂದು ಚುಚ್ಚಲು ಅಂದದ್ದಲ್ಲ. ಅಣ್ಣಾ ಎಂಬ ಮಾತು ಆಕೆಯ ಬಾಯಿಗೆ ಬರಲಿಲ್ಲ, ಅಷ್ಟೇ.

ಹನ್ನೊಂದಕ್ಕೆ ಅವರು ಮೈಕಿನ ಮುಂದೆ ನಿಂತು ಹಾಳೆ ಓದಿದರು. ಜನ ತಿನ್ನುತ್ತಿದ್ದರು. ಮುಂದೆ ಕೂತಿದ್ದ ಎರಡು ಸಾಲಿನವರು ಮಾತ್ರ ಕೇಳಿಸಿಕೊಂಡರು. ಹಿಂದೆ ಯಾರೋ ಧನ್ಯವಾದದ ಭಾಷಣವೆಂದುಕೊಂಡು ಚಪ್ಪಾಳೆ ತಟ್ಟಿದರು. ಮುಖ್ಯ ತೀರ್ಪುಗಾರರು ತಲೆ ತಗ್ಗಿಸಿಕೊಂಡು ಮೊಬೈಲ್ ನೋಡುತ್ತಿದ್ದರು. ಹಿಂದಿನ ದಿನದ ಹಾಸ್ಯಕ್ಕೆ ಮೈದಾನ ಸುತ್ತಲು ಎರಡು ತಾಸು ಸಾಕಾಗಿತ್ತು. ತಿದ್ದುಪಡಿ ಮೈಕಿನಿಂದ ಹತ್ತು ಮಾರು ದಾಟಲಿಲ್ಲ. ಹೋಟೆಲಿನವರಿಗೆ ಮೇಷ್ಟ್ರು ಆ ವಾರವೇ ಹೋಗಿ ಹೇಳಿದರು. ಅವರು ಚಹಾ ಕೊಟ್ಟು, ಪಾಪ ಎಂದು, ಬೇರೆಯವರ ಜೊತೆ ಮಾತಾಗಿದೆ ಎಂದರು.

ಮೇಷ್ಟ್ರ ಮನೆಯ ಅಟ್ಟದಲ್ಲಿ ಹಿಂದಿನ ವರ್ಷ ಬೇಕರಿ ಅಕ್ಕ ಕೊಟ್ಟಿದ್ದ ಒಂದು ಬಾಟಲಿ ಹಾಗೇ ಇತ್ತು. ಅವರ ಬಿಯರನ್ನು ಸೋಸದೆ ತುಂಬುವುದರಿಂದ ತಳದಲ್ಲಿ ಹಿರಿಮಗಳ ಯೀಸ್ಟು ಒಂದು ಬೆರಳಗಲ ಬಿಳಿಯಾಗಿ ಕುಳಿತಿತ್ತು. ಅದನ್ನು ಅಲುಗಿಸದೆ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಒಯ್ದು ಬೇಕರಿಯ ಗಾಜಿನ ಪೆಟ್ಟಿಗೆಯ ಮೇಲೆ ಇಟ್ಟರು. ಆಕೆ ತೆಗೆದುಕೊಂಡರು. ಒಳಗೆ ಬನ್ನಿ ಎನ್ನಲಿಲ್ಲ.

ಹನ್ನೊಂದು ದಿನದ ಮೇಲೆ ಫೋನ್ ಬಂತು. "ಎದ್ದಿದಾಳೆ. ಬಹಳ ಸುಸ್ತಾಗಿದಾಳೆ."

"ಅವಳೇನಾ?"

"ಮುಖ ಹಾಗೇ ಇದೆ. ಗುಣ ಬೇರೆ. ಸ್ವಲ್ಪ ಹುಳಿ ಜಾಸ್ತಿ. ತಂಗಿ ಅಂತ ಇಟ್ಕೋಬೇಕಷ್ಟೆ." ಯಾರು ಮೊದಲು ಇಡಬೇಕೆಂದು ತಿಳಿಯದೆ ಫೋನು ಸ್ವಲ್ಪ ಹೊತ್ತು ಹಾಗೇ ಇತ್ತು.

ಮರುವರ್ಷ ತೀರ್ಪಿನ ಮೇಜಿಗೆ ಯಾರೂ ಅವರನ್ನು ಕರೆಯಲಿಲ್ಲ. ಕರೆದಿದ್ದರೂ ಹೋಗುತ್ತಿರಲಿಲ್ಲ. ಕಿತ್ತಳೆ ಏಪ್ರನ್ ಕಟ್ಟಿಕೊಂಡು ಬಿಳಿಯ ಪೈಪನ್ನು ಕಟ್ಟೆಗೆ ಬಿಗಿದು ಕಟ್ಟಿದರು. ಇಪ್ಪತ್ತನೇ ಕೊಳವೆಯನ್ನು ಎಲ್ಲಕ್ಕಿಂತ ಮೊದಲು ತೊಳೆದರು. ನಲ್ಲಿ ತಿರುಗಿಸಲು ಕೈ ಚಾಚುವಷ್ಟರಲ್ಲಿ ಬೇಕರಿ ಅಕ್ಕ, "ಬಿಡಿ, ನಾನು ನೋಡ್ಕೋತೀನಿ," ಎಂದರು. ಮೊದಲ ಜಗ್ಗನ್ನು ತಾವೇ ಹಿಡಿದು, ಮೂಸಿ, ಚೆಲ್ಲಿದರು. ಎರಡನೆಯದನ್ನೂ ಹಿಡಿದು, ಮೂಸಿ, ಚೆಲ್ಲಿದರು. ಮೇಷ್ಟ್ರು ಪಕ್ಕದಲ್ಲಿ ಖಾಲಿ ಕೈಯಲ್ಲಿ ನಿಂತಿದ್ದರು.

ಮಧ್ಯಾಹ್ನ ಅವರು ತೊಳೆದ ಲೋಟಗಳ ತಟ್ಟೆ ಹೊತ್ತುಕೊಂಡು ಅಲ್ಲಿಗೆ ಬಂದಾಗ ಸಾಲಿನಲ್ಲಿದ್ದ ಒಬ್ಬರು ಹೆಗಲು ತಟ್ಟಿದರು. ಹೊಸ ಮುಖ. "ಇಲ್ಲೇನಾ ಆ ಗಾಯಕ್ಕೆ ಹಚ್ಚೋ ಬಿಯರು? ಹೋದ ವರ್ಷ ಯಾರೋ ಜಡ್ಜ್ ಹೇಳಿದ್ರಂತಲ್ಲ."

ಬೇಕರಿ ಅಕ್ಕ ತಲೆಯೆತ್ತಿ ನೋಡಿದರು.

"ಹೇಳಿದ್ದು ನಾನೇ," ಎಂದರು ಮೇಷ್ಟ್ರು. "ಬಿಯರ್ ಚೆನ್ನಾಗಿತ್ತು. ಪೈಪು ನಂದು."

ಆ ಮನುಷ್ಯ ಅದೂ ಹಾಸ್ಯದ ಮುಂದುವರಿದ ಭಾಗವೆಂದುಕೊಂಡು ಗಟ್ಟಿಯಾಗಿ ನಕ್ಕರು. ಸಾಲಿನಲ್ಲಿದ್ದ ಇನ್ನಿಬ್ಬರೂ ನಕ್ಕರು. ಮೇಷ್ಟ್ರು ತಟ್ಟೆಯನ್ನು ಮೇಜಿನ ಮೇಲಿಟ್ಟು, ಒದ್ದೆ ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡು, ಮೊದಲಿನಿಂದ ಶುರು ಮಾಡಿದರು. ಬಿಳಿ ಪೈಪು, ಹಸಿರು ಪೈಪು, ಇಸ್ತ್ರಿ ಅಂಗಿ. ಅಂಗಿಯ ಹತ್ತಿರ ಬರುವಾಗ ಅವರ ಕಿವಿ ಬಿಸಿಯಾಗುತ್ತಿತ್ತು. ಆ ದಿನ ಅದು ನಾಲ್ಕನೆಯ ಸಲ.

ಕೇಳಿದ ಮನುಷ್ಯನ ನಗು ನಿಂತಿತ್ತು. ಎಲ್ಲಿ ನೋಡಬೇಕೆಂದು ತಿಳಿಯದೆ ಲೋಟ ಮುಂದೆ ಚಾಚಿದರು. ಬೇಕರಿ ಅಕ್ಕ ಅದನ್ನು ತುಂಬಿಸಿಕೊಟ್ಟು, ತಟ್ಟೆಯಿಂದ ಇನ್ನೊಂದು ಲೋಟ ಎತ್ತಿ, ಬೆಳಕಿಗೆ ಹಿಡಿದು, ಕೆಳಗಿಟ್ಟರು.

"ಲೋಟ ಸಾಲಲ್ಲ ಮೇಷ್ಟ್ರೇ," ಎಂದರು. "ಇನ್ನೊಂದು ತಟ್ಟೆ ಬೇಕು."

ಅವರು ತರಲು ಹೋದರು.